ಮೀಸೆಯಿದ್ದ ಥರ್ಮಾಮೀಟರು

ಸಂಜೀವಣ್ಣನ ಥರ್ಮಾಮೀಟರಿಗೆ ಮೀಸೆ ಇತ್ತು. ಬಾಲವೂ ಇತ್ತು.

ಎಪ್ಪತ್ತರ ದಶಕದಲ್ಲಿ ನಾನು ಮಣಿಪಾಲದ ಒಂದು ಕಾರ್ಖಾನೆಗೆ ಟೈಪಿಸ್ಟಾಗಿ ಸೇರಿದೆ. ಲಾರಿಯ ಗೇರುಗಳನ್ನು ಕುಲುಮೆಯಲ್ಲಿ ಕಾಯಿಸಿ, ಎಣ್ಣೆಗೆ ಅದ್ದಿ ಗಟ್ಟಿ ಮಾಡುವ ಜಾಗ ಅದು. ಆ ಎಣ್ಣೆಯ ಕಾವು ಇಳಿಸುವ ನೀರು ಹಿತ್ತಲಿನ ಕೂಲಿಂಗ್ ಟವರಿನ ನೆತ್ತಿಯಿಂದ ಸಣ್ಣ ನಳಿಗೆಗಳಲ್ಲಿ ಸುರಿದು, ಫ್ಯಾನಿನ ಗಾಳಿಗೆ ತಣಿದು, ಕೆಳಗಿನ ತೊಟ್ಟಿಗೆ ಬೀಳುತ್ತಿತ್ತು. ಟವರಿನ ಉಸ್ತುವಾರಿ ಕಾಪುವಿನ ಸಂಜೀವಣ್ಣನದು. ನೀರು ಚೊಕ್ಕಟವಾಗಿರಲಿ ಎಂದು ಊರಲ್ಲಿ ಬಾವಿಗೆ ಮೀನು ಬಿಡುತ್ತಾರಲ್ಲ, ಹಾಗೆ ಅವರು ತೊಟ್ಟಿಗೆ ಮೀಸೆಯ ಒಂದು ಮುಗುಡು ಮೀನು ಬಿಟ್ಟಿದ್ದರು. ತೊಟ್ಟಿಯ ಬಿಸಿ ಅಳೆಯುವ ಥರ್ಮಾಮೀಟರು ಒಡೆದು, ಹೊಸದು ಬಾರದೇ ಹೋದಾಗ ಮೀನಿಗೇ ಬಡ್ತಿ ಸಿಕ್ಕಿತು.

“ಬರೆಯಿರಿ ಅಕ್ಕ, ಮೀನು ಅಡಿಯಲ್ಲಿ ಉಂಟು,” ಎನ್ನುತ್ತಿದ್ದರು. ಅಡಿಯಲ್ಲಿದ್ದರೆ ಮೂವತ್ತು ಡಿಗ್ರಿ, ನಡುವೆ ಇದ್ದರೆ ಮೂವತ್ತಮೂರು, ಮೇಲೆ ಬಂದು ಬಾಯಿ ತೆರೆದರೆ ಮೂವತ್ತಾರು. ನಾನೂ ಬುದ್ಧಿಯಿಲ್ಲದವಳ ಹಾಗೆ ಟೈಪು ಮಾಡುತ್ತಿದ್ದೆ. ದಿನವೂ ಹನ್ನೆರಡೂವರೆಗೆ ಮೀನು ಮೇಲೆ ಬರುತ್ತಿತ್ತು. ಸಂಜೀವಣ್ಣ ಊಟ ಅರ್ಧಕ್ಕೆ ಬಿಟ್ಟು, “ಬಿಸಿಯಾಯ್ತಾ ಮಾರಾಯ, ಇದೋ ಬಂದೆ,” ಎಂದು ಏಣಿ ಹತ್ತಿ, ನೀರು ಸರಿಯಾಗಿ ಸುರಿದು ತಣಿಯಲಿ ಎಂದು ನಳಿಗೆಗಳಿಗೆ ಕಟ್ಟಿದ ಪಾಚಿ ಕೆರೆದು ಬರುತ್ತಿದ್ದರು. ಹನ್ನೊಂದು ವರ್ಷ ಹೀಗೇ ನಡೆಯಿತು.

ಒಮ್ಮೆ ಲಾರಿ ಕಂಪೆನಿಯಿಂದ ಕುಲಕರ್ಣಿ ಎಂಬ ಧಾರವಾಡ ಕಡೆಯ ಅಧಿಕಾರಿ ತಪಾಸಣೆಗೆ ಬಂದರು. “ನೀರಿನಲ್ಲಿ ಹೆಚ್ಚುಕಡಿಮೆ ಕಂಡರೆ ಮೀನೂ ಮನೆಗೆ, ನೀನೂ ಮನೆಗೆ,” ಎಂದು ಮ್ಯಾನೇಜರು ಮೊದಲೇ ಸಂಜೀವಣ್ಣನಿಗೆ ಹೇಳಿದ್ದರು. ಕುಲಕರ್ಣಿಯವರು ನನ್ನ ಹಾಳೆಗಳನ್ನು ಮಗುಚಿ, “ದಿನಾ ಹನ್ನೆರಡೂವರೆಗೇ ಯಾಕ ಮೂವತ್ತಾರು?” ಎಂದರು.

“ಬನ್ನಿ ಸರ್, ಅವನನ್ನೇ ಕೇಳುವ,” ಎಂದು ಸಂಜೀವಣ್ಣ ಅವರನ್ನು ತೊಟ್ಟಿಯ ಬಳಿ ಕರೆದೊಯ್ದು, ಎಂದಿನ ಜಾಗದಲ್ಲಿ ಕುಳಿತು ಬುತ್ತಿ ಬಿಚ್ಚಿದರು. ಎಂದಿನಂತೆ ಮೀನಿಗೂ ಒಂದು ತುತ್ತು ಕುಚ್ಚಲಕ್ಕಿ ಅನ್ನ ತೆಗೆದರು. ಮೀನು ಮೀಸೆ ಅಲ್ಲಾಡಿಸುತ್ತ ಮೇಲೆ ಬಂದು ಬಾಯಿ ತೆರೆಯಿತು.

“ಮೂವತ್ತಾರು,” ಎಂದರು ಸಂಜೀವಣ್ಣ.

ಕುಲಕರ್ಣಿಯವರು ತಮ್ಮ ಚೀಲದಿಂದ ಥರ್ಮಾಮೀಟರು ತೆಗೆದು ನೀರಿಗೆ ಅದ್ದಿದರು. ಮೂವತ್ತು.

“ಇದು ಸೆಕೆಗೆ ಬಂದಿಲ್ಲರೀ. ಅನ್ನಕ್ಕ ಬಂದದ.”

ಸಂಜೀವಣ್ಣನ ಮುಖ ಸಣ್ಣದಾಯಿತು. ಮೀನನ್ನೇ ನೋಡುತ್ತ, “ಹನ್ನೊಂದು ವರ್ಷ ನನ್ನನ್ನು ಸುಮ್ಮನೆ ಏಣಿ ಹತ್ತಿಸಿದೆಯಲ್ಲ ಮಾರಾಯ,” ಎಂದರು. ಆದರೂ ಕೈಯಲ್ಲಿದ್ದ ಅನ್ನವನ್ನು ಅದಕ್ಕೆ ಹಾಕಿದರು.

ಕುಲಕರ್ಣಿಯವರು ನಕ್ಕೂ ನಕ್ಕೂ ಸುಸ್ತಾಗಿ, ತಾವೇ ಏಣಿ ಹತ್ತಿ ನೋಡಿ ಇಳಿದರು. “ಇಷ್ಟು ಸ್ವಚ್ಛ ಟವರ್ ನಾ ಎಲ್ಲೂ ನೋಡಿಲ್ಲ,” ಎಂದು ಸಹಿ ಹಾಕಿದರು. ಮೀನೂ ಉಳಿಯಿತು, ಕೆಲಸವೂ ಉಳಿಯಿತು. ಹೊಸ ಥರ್ಮಾಮೀಟರೂ ಬಂತು. ಸಂಜೀವಣ್ಣ ಮಾತ್ರ ಮಧ್ಯಾಹ್ನ ಏಣಿ ಹತ್ತುವುದನ್ನು ಬಿಡಲಿಲ್ಲ. “ಅಭ್ಯಾಸ ಆಗಿಹೋಗಿದೆ, ಎಂತ ಮಾಡುವುದು?” ಎನ್ನುತ್ತಿದ್ದರು.

ನಿವೃತ್ತಿಯ ದಿನ ಮೀನನ್ನು ಬಕೆಟ್ಟಿನಲ್ಲಿಟ್ಟುಕೊಂಡು ನನ್ನ ಜೊತೆಗೇ ಬಸ್ಸು ಹತ್ತಿದರು. ಇದು ಎಂತದು ಎಂದು ಕಂಡಕ್ಟರು ಕೇಳಿದ್ದಕ್ಕೆ, “ಕಂಪೆನಿಯ ಹಳೇ ಥರ್ಮಾಮೀಟರು. ಇಬ್ಬರಿಗೂ ಇವತ್ತೇ ನಿವೃತ್ತಿ,” ಎಂದರು. ಕಡಿಯಾಳಿಯಲ್ಲಿ ನಾನು ಇಳಿದೆ. ಬಕೆಟ್ ಅಪ್ಪಿಕೊಂಡಿದ್ದ ಅವರಿಗೆ ಕೈ ಬೀಸಲೂ ಆಗಲಿಲ್ಲ. ಮತ್ತೆ ಅವರನ್ನು ನೋಡುವುದಾಗಲಿಲ್ಲ.

ಆಮೇಲೆ ಯಾರೂ ಏಣಿ ಹತ್ತಲಿಲ್ಲ. ಮೂರನೆಯ ತಿಂಗಳಲ್ಲಿ ಒಂದು ದಿನ ಹನ್ನೆರಡೂವರೆಗೆ ಹೊಸ ಥರ್ಮಾಮೀಟರು ಮೂವತ್ತಾರು ತೋರಿಸಿತು. ಈ ಸಲ ನಿಜವಾದ ಮೂವತ್ತಾರು. ಟೈಪು ಮಾಡುತ್ತ ಕುಳಿತಲ್ಲೇ ನನಗೆ ಅಳು ಬಂತು.