ಡೈರಿಯ ನೋಟ್‌ಬುಕ್ಕಿನಲ್ಲಿದ್ದ 423

ಮಾದಿಹಳ್ಳಿಯ ಹಾಲಿನ ಡೈರಿಯ ಮೇಜಿನ ಮೇಲೆ ಆ ನೋಟ್‌ಬುಕ್ ತೆರೆದಿತ್ತು. ಬೆಳಗಿನ ಹಾಲು ಅಳೆದು ಮುಗಿದು, ಕ್ಯಾನುಗಳು ಗಾಡಿ ಹತ್ತಿ ಹೋಗಿದ್ದವು. ತೊಳೆದ ನೆಲ ಇನ್ನೂ ಆರಿರಲಿಲ್ಲ. ಪುಟದ ತುಂಬ ದುಂಡಗಿನ ಅಕ್ಷರದಲ್ಲಿ ವರ್ಗಸಮೀಕರಣದ ಲೆಕ್ಕಗಳು. ಪ್ರತಿ ಸಾಲಿನ ಮೊದಲಿಗೊಂದು, ಕೊನೆಗೊಂದು ಡಾಲರ್ ಗುರುತು.

"ಇದ್ಯಾಕಮ್ಮ ಡಾಲರ್?" ಎಂದು ಕೇಳಿದೆ.

"ನಿಮ್ ಪುಸ್ತಕದಾಗೆ ಹಂಗೇ ಐತಲ್ಲ ಸಾರ್," ಎಂದರು ಮೇಜಿನಾಚೆ ನಿಂತಿದ್ದ ಹೆಂಗಸು. "ಪರೀಕ್ಷೇಲೂ ಹಾಕ್ಬೇಕಾ, ಬಿಟ್ರೂ ನಡೀತದಾ? ಅದನ್ನೇ ಕೇಳಾನ ಅಂತಿದ್ದೆ."

ಜೊತೆಗೆ ಬಂದಿದ್ದ ಗೆಳೆಯ ನನ್ನ ಮುಖ ನೋಡಿದ. ನಾನು ಅವನ ಮುಖ ನೋಡಿದೆ. ನಮ್ಮ ಪುಸ್ತಕದಲ್ಲಿ ಡಾಲರ್ ಇರಲಿಲ್ಲ. ಪ್ರತಿ ಪುಟವನ್ನೂ ಇಬ್ಬರೂ ಕೂತು ಪ್ರೂಫ್ ನೋಡಿದ್ದೆವು.

ಆಕೆ ಡೈರಿಯಲ್ಲಿ ಹಾಲು ಪರೀಕ್ಷೆ ಮಾಡುವವರು. ಎರಡು ಹಸು, ಒಂದು ಮಗು, ನಾಲ್ಕು ವರ್ಷದಿಂದ ಇದೇ ತಾತ್ಕಾಲಿಕ ಕೆಲಸ. ಕಾರ್ಯದರ್ಶಿಯ ಜಾಗ ಖಾಲಿಯಾಗಿತ್ತು. ಊರಿನವರೆಲ್ಲ ಆಕೆಯೇ ಆಗಲಿ ಎನ್ನುತ್ತಿದ್ದರು. ಆದರೆ ಆ ಜಾಗಕ್ಕೆ ಎಸ್ಸೆಸ್ಸೆಲ್ಸಿ ಪಾಸಾಗಿರಬೇಕು. ಆಕೆಗೆ ಉಳಿದಿದ್ದದ್ದು ಗಣಿತ ಒಂದೇ. ಹಿಂದೆ ಎರಡು ಸಲ ಕೂತು ಹೋಗಿತ್ತು. ಈ ಸಲದ ಪರೀಕ್ಷೆಗೆ ಒಂಬತ್ತು ದಿನ ಉಳಿದಿತ್ತು. ಅದೂ ಹೋದರೆ ಹೊರಗಿನವರನ್ನು ತರುತ್ತೇವೆಂದು ಸಮಿತಿಯವರು ಮುಂಚೆಯೇ ಹೇಳಿದ್ದರು.

ಗೆಳೆಯ ಅದೇ ಊರಿನ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರಾಗಿದ್ದವನು. ಆಕೆ ಅವನ ಹಳೆಯ ವಿದ್ಯಾರ್ಥಿನಿ; ಓದು ಎಲ್ಲಿಗೆ ಬಂತೆಂದು ನೋಡಲು ಬಂದಿದ್ದೆವು. ನಿವೃತ್ತಿಯ ನಂತರ ಅವನು ಅರಸೀಕೆರೆಗೆ ಬಂದ. ನಾನೂ ಪತ್ರಿಕೆಯ ಡೆಸ್ಕಿನ ಕೆಲಸ ಮುಗಿಸಿ ಅಲ್ಲೇ ನೆಲೆಸಿದ್ದೆ. ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಓದಿದವರು. ಒಂದು ದಿನ ರೂಲ್ ಹಾಳೆಗಳ ಒಂದು ಕಟ್ಟನ್ನು ನನ್ನ ಮುಂದೆ ಇಟ್ಟು, "ಏನ್ಲಾ, ಇಷ್ಟ್ ವರ್ಷ ಮಂದಿ ಬರೆದಿದ್ದನ್ನೆಲ್ಲ ತಿದ್ದಿ ತಿದ್ದಿ ಹಾಕ್ದೆ. ಇದನ್ನೊಂದು ನೆಟ್‌ನಾಗೆ ಹಾಕು ನೋಡಾನ," ಎಂದಿದ್ದ. ಪರೀಕ್ಷೆ ಮತ್ತೆ ಕಟ್ಟುವವರಿಗಾಗಿ ಅವನು ಬರೆದ ಗಣಿತದ ಪುಸ್ತಕ ಅದು. ಅಚ್ಚು ಹಾಕಿಸುವ ಯೋಚನೆ ಅವನಿಗಿರಲಿಲ್ಲ. ಫೋನು ಎಲ್ಲರ ಕೈಯಲ್ಲೂ ಇದೆ, ಅದರಲ್ಲೇ ಓದಿಕೊಳ್ಳಲಿ ಎಂಬುದು ಅವನ ವಾದ.

ನಾನು ಮಾರ್ಕ್‌ಡೌನ್ ಕಲಿತೆ. ಕಲಿಯಲು ಕಷ್ಟವೇನಿಲ್ಲ. ಸಾದಾ ಅಕ್ಷರದಲ್ಲೇ ಟೈಪ್ ಮಾಡುವುದು. ತಲೆಬರಹಕ್ಕೆ ಮುಂದೊಂದು ಗುರುತು, ಪದವನ್ನು ಓರೆ ಅಕ್ಷರದಲ್ಲಿ ತೋರಿಸಬೇಕಾದರೆ ಅದರ ಎರಡೂ ಪಕ್ಕ ನಕ್ಷತ್ರ. ಲೆಕ್ಕ ಬಂದಾಗ ಅದನ್ನು ಎರಡು ಡಾಲರ್ ಗುರುತುಗಳ ನಡುವೆ ಇಡಬೇಕು. ಒಳಗೆ 'ಫ್ರ್ಯಾಕ್' ಎಂದು ಇಂಗ್ಲಿಷಿನಲ್ಲಿ ಹೊಡೆದು ಎರಡು ಬ್ರಾಕೆಟ್ ಕೊಟ್ಟರೆ ಭಿನ್ನರಾಶಿ ಅಡ್ಡಗೆರೆಯೊಂದಿಗೆ ಮೂಡುತ್ತದೆ. ನನ್ನ ಲ್ಯಾಪ್‌ಟಾಪಿನ ಪರದೆ ಎರಡು ಭಾಗವಾಗಿರುತ್ತಿತ್ತು. ಎಡಕ್ಕೆ ನಾನು ಹೊಡೆದದ್ದು, ಬಲಕ್ಕೆ ಅದು ಕಾಣುವ ರೂಪ. ಗುಣಾಕಾರಕ್ಕೆ ಕೀಲಿಮಣೆಯಲ್ಲಿ ಸುಲಭವಾಗಿ ಸಿಗುವ ನಕ್ಷತ್ರವನ್ನೇ ಬಳಸಿದೆ. ಬಲಭಾಗದಲ್ಲಿ ನಕ್ಷತ್ರ ನಕ್ಷತ್ರವಾಗಿಯೇ ಬರುತ್ತಿತ್ತು. ಗೆಳೆಯನೂ ಒಪ್ಪಿದ.

ಪ್ರೂಫ್ ನೋಡಿದ್ದು ಡೆಸ್ಕಿನ ಪದ್ಧತಿಯಲ್ಲಿ. ಒಬ್ಬರು ಮೂಲ ಹಿಡಿದು ಗಟ್ಟಿಯಾಗಿ ಓದುವುದು, ಇನ್ನೊಬ್ಬರು ಪುಟದ ಮೇಲೆ ಕಣ್ಣಿಟ್ಟು ಹೂಂಗುಟ್ಟುವುದು. ಅವನು ತನ್ನ ಮನೆಯ ಜಗುಲಿಯಲ್ಲಿ ಕೂತು "ಬಿ ವರ್ಗ, ಮೈನಸ್, ನಾಲ್ಕು ಎ ಸಿ" ಎಂದು ಓದುತ್ತಿದ್ದ. ನಾನು ಪರದೆಯ ಬಲಭಾಗ ನೋಡುತ್ತಿದ್ದೆ. ಎದುರು ಮನೆಯವರು ಒಂದು ದಿನ, "ಏನ್ ಸಾರ್, ಮಂತ್ರ ಹೇಳ್ಕೊಡ್ತಿದೀರಾ?" ಎಂದು ಕೇಳಿಯೂ ಇದ್ದರು. ಒಂದೊಂದೇ ಅಧ್ಯಾಯವನ್ನು ನೆಟ್‌ಗೆ ಏರಿಸಿದೆ. ಏರಿತು ಎಂದು ಪರದೆ ಹೇಳಿತು. ಏರಿದ್ದನ್ನು ತೆರೆದು ನೋಡಲಿಲ್ಲ.

ಆ ಬೆಳಿಗ್ಗೆ ಡೈರಿಯಲ್ಲಿ ಆಕೆ ತಮ್ಮ ಫೋನನ್ನು ನನ್ನ ಕೈಗೆ ಕೊಟ್ಟರು. ಪುಸ್ತಕದ ಹೆಸರು ನಮ್ಮದೇ. ಮಾತೆಲ್ಲ ನೆಟ್ಟಗಿತ್ತು. ಲೆಕ್ಕ ಬಂದ ಕಡೆಯೆಲ್ಲ ನಾನು ಎಡಭಾಗದಲ್ಲಿ ಹೊಡೆದದ್ದು ಹಾಗೇ ಬಿದ್ದಿತ್ತು: ಡಾಲರ್, ಓರೆಗೆರೆ, ಬ್ರಾಕೆಟ್ಟಿನ ಮೇಲೆ ಬ್ರಾಕೆಟ್.

"ಇದನ್ನ ಹೆಂಗಮ್ಮ ಓದ್ದೆ?" ಎಂದ ಗೆಳೆಯ.

"ಮೊದ್ಲು ತಲೆ ಕೆಟ್ಟೋಯ್ತು ಮೇಷ್ಟ್ರೇ. ಆಮೇಲೆ ಹಳೇ ಪುಸ್ತಕ ಪಕ್ಕಕ್ಕಿಟ್ಕೊಂಡು ನೋಡ್ದೆ. ಫ್ರ್ಯಾಕ್ ಅಂದ್ರೆ ಮೊದಲ್ನೇ ಬ್ರಾಕೆಟ್‌ನಾಗಿರಾದು ಮೇಲೆ, ಎರಡ್ನೇದು ಕೆಳಗೆ. ಅಷ್ಟೇ ಅಲ್ವರಾ?"

"ಅಷ್ಟೇ," ಎಂದೆ. ನಾನು ಅದನ್ನು ಕಲಿಯಲು ಒಂದು ವಾರ ತೆಗೆದುಕೊಂಡಿದ್ದೆ.

"ಕೆಟ್ಟೋಗೈತೆ ಅಂತ ಒಂದ್ ಫೋನ್ ಮಾಡ್ಬಾರದಿತ್ತಾ?" ಗೆಳೆಯ ಸ್ವಲ್ಪ ಗದರಿದ.

"ಕೆಟ್ಟೋಗೈತೆ ಅಂತ ನಂಗೇನ್ ಗೊತ್ತು? ನೀವು ಬರೆದಿದ್ದು, ಪೇಪರ್‌ನವ್ರು ತಿದ್ದಿದ್ದು. ಈಗಿನ ಲೆಕ್ಕ ಹಿಂಗೇ ಅನ್ಕೊಂಡೆ."

ಗೆಳೆಯ ನಗಲು ಹೋದವನು ಅರ್ಧಕ್ಕೆ ನಿಲ್ಲಿಸಿ ನೋಟ್‌ಬುಕ್ಕಿನ ಮೇಲೆ ಬೆರಳಿಟ್ಟ. "ಇದೇನಿದು?"

ಶೋಧಕ, ಅಂದರೆ ಬಿ ವರ್ಗ ಮೈನಸ್ ನಾಲ್ಕು ಎ ಸಿ, ಕಂಡುಹಿಡಿಯುವ ಲೆಕ್ಕ. ಶೋಧಕದ ಬೆಲೆ ಋಣವಾದರೆ ಸಮೀಕರಣಕ್ಕೆ ವಾಸ್ತವ ಮೂಲಗಳಿಲ್ಲ. ಹತ್ತನೇ ತರಗತಿಯ ಮಕ್ಕಳಿಗೆ ಬಾಯಿಪಾಠವಾದ ಮಾತು. ಅವನ ಹಾಳೆಯಲ್ಲಿ ಇದ್ದದ್ದು 25ರಿಂದ ನಾಲ್ಕು, ಎರಡು, ಮೂರರ ಗುಣಲಬ್ಧ ಕಳೆಯಬೇಕೆಂದು. ಅಂದರೆ 24 ಕಳೆದು ಉಳಿಯುವುದು 1. ಆಕೆಯ ನೋಟ್‌ಬುಕ್ಕಿನಲ್ಲಿ 25ರಿಂದ 423 ಕಳೆದಿತ್ತು. ಉತ್ತರ −398. ಕೆಳಗೆ ಅಡ್ಡಗೆರೆ ಎಳೆದು, 'ವಾಸ್ತವ ಮೂಲಗಳಿಲ್ಲ' ಎಂದು ಬರೆದಿದ್ದರು. ಪುಟ ತಿರುಗಿಸಿದೆವು. ಹನ್ನೊಂದು ಲೆಕ್ಕ. ಹನ್ನೊಂದರಲ್ಲೂ ಮೂಲಗಳಿಲ್ಲ.

ಫೋನಿನಲ್ಲಿ ನೋಡಿದೆ. ಅಲ್ಲಿಯೂ 423 ಎಂದೇ ಇತ್ತು. ನಡುವಿನ 2 ಮಾತ್ರ ಸ್ವಲ್ಪ ಓರೆಯಾಗಿತ್ತು. ನಕ್ಷತ್ರಗಳು ಇರಲಿಲ್ಲ.

"ನಾಲ್ಕು, ಎರಡು, ಮೂರು ಬೇರೆ ಬೇರೆ ಅಂತ ಅನ್ನಿಸ್ಲಿಲ್ವೇನಮ್ಮ?" ಎಂದ ಗೆಳೆಯ.

"ಸೂತ್ರದಾಗೆ 4ac ಅಂತ ಪಕ್ಕಪಕ್ಕಕ್ಕೇ ಐತಲ್ಲ ಮೇಷ್ಟ್ರೇ. a ಜಾಗಕ್ಕೆ ಎರಡು, c ಜಾಗಕ್ಕೆ ಮೂರು ಇಟ್ರೆ 423 ತಾನೆ? ನೀವೇ ಹಂಗೆ ಇಟ್ಟಿದೀರಿ."

ಉತ್ತರಗಳ ಅಧ್ಯಾಯವನ್ನು ನಾನಿನ್ನೂ ಏರಿಸಿರಲಿಲ್ಲ. ತಾಳೆ ನೋಡಲು ಆಕೆಗೆ ಏನೂ ಇರಲಿಲ್ಲ. ಮೂಲಗಳೇ ಇಲ್ಲದ ಲೆಕ್ಕಗಳನ್ನು ಇಷ್ಟೊಂದು ಯಾಕೆ ಕೊಟ್ಟಿದ್ದಾರೋ ಎಂದು ಆಕೆಗೂ ಅನ್ನಿಸಿತ್ತಂತೆ. ಮೇಷ್ಟ್ರ ಮಾತು ಎಂದು ಸುಮ್ಮನಾಗಿದ್ದರು.

ನೋಟ್‌ಬುಕ್ ಬದಿಗಿಟ್ಟು ಗೆಳೆಯ ಹಾಲಿನ ಚೀಟಿಯ ಹಿಂದೆ ಗುಣಾಕಾರದ ಗುರುತನ್ನು ದಪ್ಪಗೆ ಬರೆದು ಹೇಳಿಕೊಡತೊಡಗಿದ. ಸಂಜೆಯ ಹಾಲು ಬರುವವರೆಗೆ ಅಲ್ಲೇ ಇರುತ್ತೇನೆಂದ. ನಾನು ಹಳೇಬೀಡಿಗೆ ಬಂದು ಅರಸೀಕೆರೆಯ ಬಸ್ ಹತ್ತಿದೆ. ಜಾವಗಲ್ ದಾಟುವವರೆಗೂ ಒಂದೇ ಪ್ರಶ್ನೆ. ಒಂದೇ ಕಡತ ನನ್ನಲ್ಲಿ ಒಂದು ಬಗೆ, ಆಕೆಯಲ್ಲಿ ಇನ್ನೊಂದು ಬಗೆ ಆಗುವುದು ಹೇಗೆ? ಪತ್ರಿಕೆಯಲ್ಲಿ ತಪ್ಪು ಅಚ್ಚಾದರೆ ಎಲ್ಲರಿಗೂ ಅದೇ ತಪ್ಪು ತಲುಪುತ್ತಿತ್ತು. ಮರುದಿನ ತಿದ್ದುಪಡಿ ಹಾಕಿದರೆ ಎಲ್ಲರಿಗೂ ಅದೇ ತಿದ್ದುಪಡಿ. ಇಲ್ಲಿ ತಪ್ಪು ಎಲ್ಲಿದೆ ಎಂದು ತೋರಿಸಲು ನನ್ನ ಬಳಿ ಪುಟವೇ ಇರಲಿಲ್ಲ. ನನ್ನ ಪುಟ ಸರಿಯಾಗಿತ್ತು.

ಮರುದಿನ ಬೆಳಿಗ್ಗೆ ನೆಟ್‌ಗೆ ಏರಿಸುವ ತಂತ್ರಾಂಶದ ಕೈಪಿಡಿ ತೆಗೆದು ಓದಿದೆ. ನಾನು ಟೈಪ್ ಮಾಡುವ ತಂತ್ರಾಂಶ ಬೇರೆ, ಪುಸ್ತಕವಾಗಿ ಕಟ್ಟುವ ತಂತ್ರಾಂಶ ಬೇರೆ. ಮೊದಲನೆಯದು ಡಾಲರ್ ಕಂಡರೆ ಲೆಕ್ಕವೆಂದು ತಿಳಿಯುತ್ತದೆ. ಎರಡನೆಯದಕ್ಕೆ ಅದನ್ನು ಹೇಳಿಕೊಡಬೇಕು. ಹೇಳದಿದ್ದರೆ ಡಾಲರ್ ಬರೀ ಡಾಲರ್; ನಡುವೆ ಸಿಕ್ಕ ಎರಡು ನಕ್ಷತ್ರಗಳು ಓರೆ ಅಕ್ಷರದ ಆಜ್ಞೆ. ಅದು ಆಜ್ಞೆ ಪಾಲಿಸಿ, 2ನ್ನು ಓರೆ ಮಾಡಿ, ನಕ್ಷತ್ರಗಳನ್ನು ನುಂಗಿತ್ತು. ಹೇಳಿಕೊಡುವ ಸಾಲನ್ನು ಸೇರಿಸಿದೆ. ಆಗಲೂ ಡಾಲರ್ ಹೋಗಲಿಲ್ಲ. ಮತ್ತೆ ಓದಿದೆ. ಅದಕ್ಕೆ ಡಾಲರ್ ಬೇಡವಂತೆ, ಓರೆಗೆರೆ ಮತ್ತು ಬ್ರಾಕೆಟ್ ಬೇಕಂತೆ. ಓರೆಗೆರೆ ಒಂದು ಹಾಕಿದರೆ ಮಾರ್ಕ್‌ಡೌನ್ ಅದನ್ನೂ ನುಂಗುತ್ತದೆ. ಎರಡು ಹಾಕಿದರೆ ಒಂದನ್ನು ನುಂಗಿ ಒಂದನ್ನು ಉಳಿಸುತ್ತದೆ. ಎರಡೆರಡು ಹಾಕಿದೆ. ನಕ್ಷತ್ರಗಳ ಜಾಗಕ್ಕೆ ಇಂಟು ಗುರುತನ್ನೇ ತಂದೆ. ಈಗ ನೆಟ್‌ನಲ್ಲಿದ್ದ ಪುಸ್ತಕ ಸರಿಯಾಯಿತು, ನನ್ನ ಲ್ಯಾಪ್‌ಟಾಪಿನ ಬಲಭಾಗ ಕೆಟ್ಟಿತು. ಯಾವುದನ್ನು ನಂಬಬೇಕೆಂದು ತಿಳಿಯದೆ ಎರಡನ್ನೂ ಮುಚ್ಚಿ ಗೆಳೆಯನಿಗೆ ಫೋನ್ ಮಾಡಿದೆ.

"ನಂಗ್ಯಾಕ್ ಕೇಳ್ತೀಯಲಾ?" ಎಂದ. "ಓದೋಳಿಗೆ ಕೇಳು."

ಆಕೆಗೆ ಫೋನ್ ಮಾಡಿದೆ. ಪುಟ ತೆರೆದು ಕಂಡದ್ದನ್ನು ಕಂಡ ಹಾಗೆ ಓದಲು ಹೇಳಿ, ಗೆಳೆಯನ ಹಾಳೆಗಳನ್ನು ಮುಂದಿಟ್ಟುಕೊಂಡೆ. ಅತ್ತ ಯಾರೋ ಹಾಲಿನ ಕ್ಯಾನು ಎಳೆಯುವ ಸದ್ದು.

"ಇಪ್ಪತ್ತೈದು, ಮೈನಸ್, ನಾಲ್ಕು, ಅಡ್ಡ ಗೀಟು ಎರಡು... ಅಲ್ಲ, ಇಂಟು. ಇಂಟು ಬಂದೈತೆ ಸಾರ್! ನಾಲ್ಕು ಇಂಟು ಎರಡು ಇಂಟು ಮೂರು."

"ಡಾಲರ್?"

"ಇಲ್ಲ. ಫ್ರ್ಯಾಕೂ ಇಲ್ಲ. ನಾನು ಕಲ್ತಿದ್ದೆಲ್ಲ ತೆಗೆದ್ಬಿಟ್ರಲ್ಲ ನೀವು!" ಎಂದು ನಕ್ಕರು.

ಉಳಿದ ಏಳು ದಿನ ಅದೇ ನಡೆಯಿತು. ಮಧ್ಯಾಹ್ನ ಡೈರಿ ಖಾಲಿಯಿರುವ ಹೊತ್ತಿನಲ್ಲಿ ಆಕೆ ಫೋನಿನಿಂದ ಓದುವುದು, ನಾನು ಮೂಲ ಹಿಡಿದು ಹೂಂಗುಟ್ಟುವುದು. ಆರು ಕಡೆ ಹೊಸ ತಪ್ಪು ಸಿಕ್ಕಿತು. ಅವು ಹೇಗೆ ಬಂದವೆಂದು ನಾಲ್ಕಕ್ಕೆ ಮಾತ್ರ ಹೇಳಬಲ್ಲೆ.

ಪರೀಕ್ಷೆಯ ದಿನ ಗೆಳೆಯನೂ ನಾನೂ ಕೇಂದ್ರದ ಗೇಟಿನ ಎದುರಿನ ಟೀ ಅಂಗಡಿಯಲ್ಲಿ ಕೂತಿದ್ದೆವು. ಆಕೆ ಹೊರಗೆ ಬಂದು ಮೊದಲು ನೀರು ಕುಡಿದರು.

"ಶೋಧಕ ಬಂದಿತ್ತಾ?" ಗೆಳೆಯ ಕೇಳಿದ.

"ಬಂದಿತ್ತು ಮೇಷ್ಟ್ರೇ. ಮೂಲ ಇದ್ವು, ಎರಡೂ ಸಿಕ್ವು." ಪ್ರಶ್ನೆಪತ್ರಿಕೆ ಬಿಡಿಸುತ್ತ, "ಆದ್ರೆ ಆಮೇಲಿನ ಇನ್ನೊಂದ್ರಲ್ಲಿ ಮೂಲ ಇಲ್ಲ ಅಂತ ಬಂತು. ನಾಲ್ಕ್ ಸಲ ಗುಣಿಸಿ ನೋಡ್ದೆ. ಇಲ್ಲದೇನೂ ಇರ್ತವಾ?" ಎಂದರು.

ಗೆಳೆಯ ಪ್ರಶ್ನೆಪತ್ರಿಕೆ ಇಸಿದುಕೊಂಡು, ಟೀ ಲೋಟ ಬದಿಗೆ ಸರಿಸಿ ಆ ಲೆಕ್ಕ ಮಾಡಿದ. ಆಕೆ ನಿಂತೇ ಇದ್ದರು.

"ಇರ್ತವೆ ಕಣಮ್ಮ," ಎಂದ. "ಇದರಾಗೆ ನಿಜವಾಗ್ಲೂ ಇಲ್ಲ."

ಫಲಿತಾಂಶ ಬಂದ ದಿನ ಅಂಕಪಟ್ಟಿಯ ಚಿತ್ರ ನನ್ನ ಫೋನಿಗೆ ಬಂತು. ಪಾಸಾಗಿದ್ದರು. ಅದನ್ನೂ ನಾನು ಗೆಳೆಯನ ಫೋನಿನಲ್ಲಿ ಇನ್ನೊಮ್ಮೆ ತೆರೆಸಿ ನೋಡಿದೆ. ಎರಡರಲ್ಲೂ ಒಂದೇ ಅಂಕಿ ಇತ್ತು.