ಬಂಡೆಯ ಮೇಲೆ ಕೊಟ್ಟಿಗೆಯ ಗಂಟು

ಕೋಮಲಾಳಿಗೆ ಆ ಭಾನುವಾರದ ಕೂಲಿ ಇನ್ನೂ ಬಂದಿಲ್ಲ. ಆರುನೂರು ರೂಪಾಯಿ. ಕೊಡುವುದಿಲ್ಲ ಎಂದು ಯಾರೂ ಬಾಯಿಬಿಟ್ಟು ಹೇಳಿಲ್ಲ. ಫೋನ್ ಎತ್ತುವುದಿಲ್ಲ, ಅಷ್ಟೇ.

ನುಗ್ಗೇಹಳ್ಳಿ ಹೋಬಳಿಯ ಈ ಹೆಂಗಸಿಗೆ ಮೂವತ್ತೆಂಟು ವರ್ಷ. ಎರಡು ಹಸು, ಡೈರಿಗೆ ಹಾಲು, ಮನೆಯಲ್ಲಿ ಅತ್ತೆ ಸರಸಮ್ಮ. ಊರಾಚೆಯ ಬಂಡೆಗೆ ಮಕ್ಕಳನ್ನು ಹತ್ತಿಸುವ ಕ್ಯಾಂಪಿನವರು ಬಂದಾಗ ಮೊದಲು ಅಡುಗೆಗೆ ಹೋದಳು, ಆಮೇಲೆ ಹಗ್ಗ ಹೊತ್ತಳು. ಎರಡು ವರ್ಷದಲ್ಲಿ ಆಂಕರ್ ಕಟ್ಟುವುದನ್ನೇ ಕಲಿತುಬಿಟ್ಟಳು.

ಹತ್ತುವವರ ಸೊಂಟದ ಹಗ್ಗ ಬಂಡೆಯ ನೆತ್ತಿಯ ಒಂದು ಕೊಂಡಿಯೊಳಗೆ ತೂರಿ ಕೆಳಗಿಳಿಯುತ್ತದೆ. ಕೆಳಗೆ ಒಬ್ಬರು ಅದನ್ನು ಹಿಡಿದು ನಿಂತಿರುತ್ತಾರೆ. ಆ ಕೊಂಡಿ ಕಿತ್ತು ಬರದಂತೆ ಹಿಡಿದಿರುವುದೇ ಆಂಕರ್. ಎರಡು ಬೆರಳಗಲದ ನೈಲಾನ್ ಪಟ್ಟಿಗೆ ಸ್ಲಿಂಗ್ ಎನ್ನುತ್ತಾರೆ; ಒಂದನ್ನು ಅಲುಗದ ಗುಂಡುಕಲ್ಲಿಗೆ, ಇನ್ನೊಂದನ್ನು ಹಸಿ ಮರದ ಬುಡಕ್ಕೆ ಸುತ್ತಬೇಕು. ಎರಡೂ ಸಮನಾಗಿ ಭಾರ ಹೊರಬೇಕು, ಒಂದು ಹೋದರೆ ಇನ್ನೊಂದು ಹಿಡಿಯಬೇಕು. ಪಟ್ಟಿಯ ಒಂದು ತುದಿಯ ಗಂಟಿನ ಜಾಡಿನಲ್ಲೇ ಇನ್ನೊಂದು ತುದಿ ಹಿಂದಿರುಗಿ ಬರಬೇಕು, ಗಂಟಿನಾಚೆ ನಾಲ್ಕು ಬೆರಳಗಲ ಬಾಲ ಉಳಿಯಬೇಕು. ಕಟ್ಟಿದ ಮೇಲೆ ಬೇರೊಬ್ಬರು ಮುಟ್ಟಿ ನೋಡಬೇಕು. ಆ ಬೇರೊಬ್ಬರನ್ನು ಕ್ಯಾಂಪಿನವರು ಹಿಂದಿನ ತಿಂಗಳೇ ಕೆಲಸದಿಂದ ಬಿಡಿಸಿದ್ದರು. ಹಾಸನದಿಂದ ಕಾರಿನಲ್ಲಿ ಬರುವ ಮ್ಯಾನೇಜರ್ ಶಶಿಕಿರಣ್, "ನೀನೊಬ್ಬಳೇ ಸಾಕಲ್ಲ" ಎಂದಿದ್ದ.

ಕೊಟ್ಟಿಗೆಯ ಗಂಟೇ ಬೇರೆ. ಹಗ್ಗದ ಬಾಲ ಎಳೆದರೆ ಸರಕ್ಕನೆ ಬಿಚ್ಚಬೇಕು. ಬೆಂಕಿ ಬಿದ್ದರೆ, ಹಾವು ಬಂದರೆ ಹಸು ಉಳಿಯಬೇಕಲ್ಲ. ಕೋಮಲಾ ಏಳನೇ ವಯಸ್ಸಿನಿಂದ ಆ ಗಂಟು ಹಾಕುತ್ತಿದ್ದಾಳೆ. ಅದಕ್ಕೆ ಕಣ್ಣೂ ಬೇಡ, ಬುದ್ಧಿಯೂ ಬೇಡ.

ಆ ಭಾನುವಾರ ಬೆಳಗ್ಗೆ ಮನೆಯಲ್ಲಿ ಒಂದು ಹಸು ಕರು ಹಾಕುವುದರಲ್ಲಿತ್ತು. ಮರದ ಸ್ಲಿಂಗ್ ಮುಗಿಸಿ ಗುಂಡುಕಲ್ಲಿಗೆ ಕೈ ಹಾಕುವಾಗ ಸರಸಮ್ಮನ ಫೋನು. ಕೋಮಲಾ ಅದನ್ನು ಭುಜಕ್ಕೂ ಕೆನ್ನೆಗೂ ನಡುವೆ ಸಿಕ್ಕಿಸಿಕೊಂಡೇ ಕಟ್ಟಿದಳು.

"ಕಾಲು ಕಾಣ್ತೈತೆ ಕಣೇ, ನಾನೊಬ್ಳೇ ಏನ್ ಮಾಡ್ಲಿ?"

"ಎಳೀಬ್ಯಾಡ ಇರು ಅತ್ತೆ! ಡಾಕ್ಟ್ರಿಗೆ ಫೋನ್ ಮಾಡ್ಸು."

"ಡಾಕ್ಟ್ರು ಮದ್ವೆಗೋಗವ್ರಂತೆ. ನೀನು ಬಂಡೆ ಕಾಯ್ಕೊಂಡು ಕುಂತಿರು!"

ಒಂಬತ್ತೂವರೆಗೆ ಚನ್ನರಾಯಪಟ್ಟಣದ ಹದಿಮೂರರ ಹುಡುಗಿ ನೇತ್ರಾ ನಲವತ್ತು ಅಡಿ ಮೇಲಿದ್ದಳು. ಕೆಳಗೆ ಹಗ್ಗ ಹಿಡಿದವಳು ಕೋಮಲಾ. ಪಕ್ಕದ ಪೊದೆಗೆ ಕಟ್ಟಿದ್ದ ತನ್ನ ಮೇಕೆಯನ್ನು ಬಿಚ್ಚಲು ಊರಿನ ಮೇಕೆ ಕಾಯುವ ಚಿಕ್ಕಬೀರಯ್ಯ ಬಂದ. ಹಗ್ಗದ ಬಾಲ ಹಿಡಿದು ಒಂದೇ ಸಲ ಎಳೆದ. ಸರಕ್ಕನೆ ಬಿಚ್ಚಿತು.

ಕೋಮಲಾ ತಲೆಯೆತ್ತಿ ಬಂಡೆಯ ನೆತ್ತಿ ನೋಡಿದಳು. ತಾನು ಗುಂಡುಕಲ್ಲಿಗೆ ಹಾಕಿದ್ದು ಯಾವ ಗಂಟು? ಮರದ್ದು ನೆನಪಿದೆ, ಬಾಲ ಅಳೆದದ್ದೂ ನೆನಪಿದೆ. ಗುಂಡುಕಲ್ಲಿನದನ್ನು ನೆನೆದರೆ ಕರುವಿನ ಕಾಲು ಕಣ್ಣಿಗೆ ಬರುತ್ತದೆ, ಗಂಟು ಬರುವುದಿಲ್ಲ.

"ಮಾವ, ಮಿಕ್ಕಿದ್ ಮೇಕೆ ಎಲ್ಲವೆ?"

"ಮ್ಯಾಲವೆ ಕಣವ್ವ. ಬಂಡೆ ಮ್ಯಾಲೆ ಸೊಪ್ಪೈತಲ್ಲ."

ಅವಳು ಕೂಗಿದಳು. "ನೇತ್ರಾ! ಹಗ್ಗಕ್ಕೆ ಜೋತ್ಬೀಳ್ಬ್ಯಾಡ. ಆ ಮೆಟ್ಲ ಮ್ಯಾಲೆ ನಿಂತ್ಕೊಂಡು ಕಲ್ಲು ತಬ್ಕೊ."

"ಯಾಕಾಂಟಿ?"

"ತಬ್ಕೊಳವ್ವ ಸುಮ್ನೆ!"

ಶಶಿಕಿರಣ್ ಓಡಿಬಂದ. "ಏನ್ ಸೀನ್ ಮಾಡ್ತಿದೀಯ? ಪೇರೆಂಟ್ಸ್ ನೋಡ್ತಿದಾರೆ. ಇಳಿಸಿಬಿಡು."

"ಇಳ್ಸುದ್ರೆ ಪೂರ್ತಿ ಭಾರ ಬೀಳ್ತದೆ ಸಾ. ಮ್ಯಾಲಿನ್ ಗಂಟು ನಂಗೆ ನಂಬ್ಕೆ ಇಲ್ಲ."

"ಎರಡು ಇದೆಯಲ್ಲ. ಒಂದು ಹೋದ್ರೆ ಇನ್ನೊಂದು."

"ಇನ್ನೊಂದೂ ನಾನೇ ಕಟ್ಟಿದ್ದು ಸಾ."

ಹಗ್ಗವನ್ನು ಅವನ ಕೈಗೆ ಕೊಟ್ಟು ಹಿಂಬದಿಯ ದಾರಿಯಲ್ಲಿ ಓಡಿದಳು. ಮುಳ್ಳು ಸೀರೆ ಹಿಡಿಯಿತು, ಹರಿದುಕೊಂಡೇ ಹೋದಳು. ಅರ್ಧ ದಾರಿಯವರೆಗೆ ಹುಡುಗಿಯ ಅಳು ಕೇಳುತ್ತಿತ್ತು. ಆಮೇಲೆ ಅದೂ ನಿಂತಿತು. ಬಿದ್ದಳೇ ಎಂದು ಕೂಗಿ ಕೇಳಲು ಅವಳಲ್ಲಿ ಉಸಿರಿರಲಿಲ್ಲ.

ನೆತ್ತಿಯಲ್ಲಿ ಒಂದು ಕರಿ ಮೇಕೆ ಗುಂಡುಕಲ್ಲಿನ ಸ್ಲಿಂಗಿನ ಬಾಲವನ್ನು ಬಾಯಲ್ಲಿಟ್ಟುಕೊಂಡು ಅಗಿಯುತ್ತಿತ್ತು. ಗಂಟು ಕೊಟ್ಟಿಗೆಯದೇ. ಮುಕ್ಕಾಲು ಜಾರಿತ್ತು.

ಹಚಾ ಎಂದರೆ ಮೇಕೆ ಬಾಲ ಕಚ್ಚಿಕೊಂಡೇ ನೆಗೆಯುತ್ತದೆ. ಕಲ್ಲೆಸೆದರೂ ಅಷ್ಟೇ. ಕೋಮಲಾ ಕೈಗೆಟುಕಿದ ಕೊಂಬೆಯೊಂದನ್ನು ಮುರಿದಳು, ಕುಕ್ಕರಗಾಲಲ್ಲಿ ಕೂತು ಸೊಪ್ಪು ಚಾಚಿದಳು. "ಬಾ ನನ್ನವ್ವ. ಬಾ, ಬಾ." ಮೇಕೆ ಅವಳನ್ನು ನೋಡಿತು, ಪಟ್ಟಿಯನ್ನು ನೋಡಿತು, ಇನ್ನೊಮ್ಮೆ ಅಗಿಯಿತು. ಆಮೇಲೆ ಬಾಲ ಬಿಟ್ಟು ಸೊಪ್ಪಿಗೆ ಬಂತು.

ಅವಳು ಮೊದಲು ತಪ್ಪು ಗಂಟನ್ನು ಮುಟ್ಟಲಿಲ್ಲ. ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಹೊಸ ಸ್ಲಿಂಗ್ ತೆಗೆದು ಗುಂಡುಕಲ್ಲಿಗೆ ಸುತ್ತಿ, ಸರಿಯಾದ ಗಂಟು ಹಾಕಿ, ಅದೇ ಕೊಂಡಿಗೆ ಸೇರಿಸಿದಳು. ಮೂರು ಸಲ ಜಗ್ಗಿದಳು. ಹಳೆಯದನ್ನು ಬಿಚ್ಚಿದ್ದು ಆಮೇಲೆ. ಮರದ ಗಂಟು ಸರಿಯಾಗಿಯೇ ಇತ್ತು. ಹುಡುಗಿ ಬಿದ್ದಿದ್ದರೆ ಅದೊಂದೇ ತಡೆಯುತ್ತಿತ್ತು ಎಂದು ಈಗ ಹೇಳಬಹುದು. ಆಗ ಹೇಳುವವರು ಯಾರೂ ಇರಲಿಲ್ಲ.

ಕೋಮಲಾ ಕೆಳಗೆ ಬಂದು ಹಗ್ಗ ಹಿಡಿದ ಮೇಲೆ ನೇತ್ರಾ ಇಳಿದಳು. ನೆಲ ಮುಟ್ಟಿದವಳೇ ವಾಂತಿ ಮಾಡಿಕೊಂಡಳು.

"ಏನೂ ಆಗ್ಲಿಲ್ವಲ್ಲ" ಎಂದ ಶಶಿಕಿರಣ್. ಅಪ್ಪ ಅಮ್ಮಂದಿರನ್ನು ಹೆದರಿಸಿದ್ದಕ್ಕೆ ಕೆಲಸದಿಂದ ತೆಗೆದ, ಆ ದಿನದ ಕೂಲಿಯನ್ನೂ ಕೊಡದೆ ಹೋದ. ಮನೆಯಲ್ಲಿ ಪಕ್ಕದವರು ಸೇರಿ ಕರು ಎಳೆದಿದ್ದರು, ಬದುಕಿತು. ಈಗ ಕೋಮಲಾ ಹಸು ಕಟ್ಟಿ ಹೋದವಳು ಹಿಂದಿರುಗಿ ಬಂದು ಗಂಟು ಮುಟ್ಟಿ ನೋಡುತ್ತಾಳೆ. "ನಿಂಗೆ ತಲೆ ಕೆಟ್ಟೈತೆ" ಎಂದು ಅತ್ತೆ ಬೈಯುತ್ತಾಳೆ.

ತಪ್ಪು ಗಂಟು ಹಾಕಿದ್ದು ಕೋಮಲಾಳೇ. ಅದನ್ನು ಅವಳೇ ಹೇಳುತ್ತಾಳೆ. ಮುಟ್ಟಿ ನೋಡುವವರನ್ನು ಮನೆಗೆ ಕಳಿಸಿದ್ದು ಅವಳಲ್ಲ.

ಕ್ಯಾಂಪು ಮುಂದಿನ ಭಾನುವಾರವೂ ಇದೆ. ನಿಮ್ಮ ಮಗುವನ್ನು ಕಳಿಸುತ್ತೀರಲ್ಲ? ಹಿಂಬದಿಯ ದಾರಿಯಲ್ಲಿ ನೀವೂ ಹತ್ತಿ. ಕಟ್ಟಿದವರು ಯಾರು, ಮುಟ್ಟಿ ನೋಡಿದವರು ಯಾರು ಎಂದು ಕೇಳಿ. ಎರಡಕ್ಕೂ ಒಂದೇ ಹೆಸರು ಬಂದರೆ ಮಗುವಿನ ಸೊಂಟದ ಹಗ್ಗವನ್ನು ಅಲ್ಲೇ ಬಿಚ್ಚಿಸಿ.