ಮುತ್ತೈದೆಯ ಸೀರೆಗಳ ಕೌದಿ

ಮುನವಳ್ಳಿಯಲ್ಲಿ ಕೌದಿ ಎಂದರೆ ಶೆಟ್ಟೆವ್ವ. ತವರೂರು ತೊರಗಲ್ಲಿನಲ್ಲಿ ಅವ್ವನ ಮಗ್ಗುಲಿಗೆ ಕುಳಿತು ಕಲಿತ ಹೊಲಿಗೆ ಅದು. ಮೂವತ್ತು ವರ್ಷಗಳಿಂದ ಊರಿನ ಹಳೇ ಸೀರೆ, ಧೋತರಗಳೆಲ್ಲ ಅವಳ ಕೈಗೆ ಬಂದು ಹೊದಿಕೆಯಾಗಿ ಹಿಂದಿರುಗಿವೆ. ಅಂಗಡಿಯಲ್ಲಿ ಮೆತ್ತನೆಯ ರಗ್ಗು ಸಿಗುವ ಈ ಕಾಲದಲ್ಲೂ ಕೂಸು ಹುಟ್ಟಿದ ಮನೆಯವರು ಅವಳನ್ನೇ ಹುಡುಕಿಕೊಂಡು ಬರುತ್ತಾರೆ. ಅದಕ್ಕೆ ಅವಳಿಗೆ ಒಂದಿಷ್ಟು ಜಂಬವೂ ಇತ್ತು. ಇರಲಿ ಬಿಡಿ, ದುಡಿದ ಕೈಗೆ ಅಷ್ಟೂ ಬೇಡವೇ? ದೊಡ್ಡ ಮನೆಗಳ ಹೆಂಗಸರು ಅವಳನ್ನು ಕಟ್ಟೆಯ ಮೇಲೆ ಕೂರಿಸಿ ಚಹಾ ಕೊಡುತ್ತಿದ್ದರೇ ಹೊರತು ಒಳಗೆ ಕರೆಯುವವರು ಕಡಿಮೆ. ಅವಳು ಹೊಲಿದ ಕೌದಿ ಮಾತ್ರ ನೇರ ಮಲಗುವ ಕೋಣೆಗೆ ಹೋಗುತ್ತಿತ್ತು.

ಆ ಶುಕ್ರವಾರ ಬೆಳಗಿನ ಜಾವ, ಇನ್ನೂ ಕೋಳಿ ಕೂಗಿರಲಿಲ್ಲ, ತೋಳು ಉರಿದು ಅವಳಿಗೆ ಎಚ್ಚರವಾಯಿತು. ಸೊಳ್ಳೆ ಇರಬೇಕೆಂದು ಕೆರೆದುಕೊಂಡಳು. ಬೆರಳಿಗೆ ಮೂರು ದದ್ದು ಸಾಲಾಗಿ ತಾಗಿದವು. ಸೊಳ್ಳೆ ಹೀಗೆ ಸಾಲು ಹಿಡಿದು ಕಚ್ಚುವುದಿಲ್ಲ. ಮೊಬೈಲಿನ ಬೆಳಕು ಬಿಟ್ಟಳು. ಮಸೂರಿ ಬೇಳೆಯಂಥ ಚಪ್ಪಟೆ ಹುಳವೊಂದು ದಿಂಬಿನ ಕೆಳಗಿನಿಂದ ಹೊರಟು ಮಂಚದ ಸಂದಿನತ್ತ ಓಡುತ್ತಿತ್ತು. ಹೊಸಕಿದಳು. ಬೆರಳಿಗೆ ರಕ್ತ, ಹಿಂದೆಯೇ ಆ ಕೆಟ್ಟ ವಾಸನೆ. ತಗಣಿ!

ಗಂಡ ಪರಪ್ಪನ ಕುತ್ತಿಗೆಯ ಮೇಲೂ ಅದೇ ಸಾಲು, ಆದರೆ ಆತನ ನಿದ್ದೆ ತಗಣಿಗೆಲ್ಲ ಕೆಡುವಂಥದ್ದಲ್ಲ. ಅವನನ್ನು ಎಬ್ಬಿಸಿ ಇಬ್ಬರೂ ಕೂಡಿ ಮಂಚ ಮಗುಚಿದರು. ಕಾಲು ಕೂಡುವಲ್ಲೆಲ್ಲ ಶಾಯಿ ಸಿಡಿದಂತೆ ಕರೀ ಚುಕ್ಕಿ, ಸಂದಿನೊಳಗೆ ಬಿಳೀ ತತ್ತಿ. ನೀರು ಕುದಿಸಿ ಹೊಯ್ದರಾಯಿತು, ಯಾರ ಮುಂದೂ ಬಾಯಿ ಬಿಡಬೇಡ ಎಂದ ಪರಪ್ಪ. ಅವಳ ಚಿಂತೆ ಆ ಮಂಚದ್ದಾಗಿರಲಿಲ್ಲ. ಅದೇ ಮಂಚದ ಪಕ್ಕ ಕುಳಿತು ತಿಂಗಳೊಪ್ಪತ್ತು ಹೊಲಿದ ಕೌದಿಯನ್ನು ಮೂರು ದಿನದ ಹಿಂದೆ ಪೇಟೆಯ ನಾಗರತ್ನಾಳ ಮನೆಗೆ ಕೊಟ್ಟು ಬಂದಿದ್ದಳು. ನಾಗರತ್ನಾಳ ಮಗಳು ಶಿವಾನಿ ಬಾಣಂತನಕ್ಕೆ ಬಂದಿದ್ದಳು. ಕೂಸಿಗೆ ಇನ್ನೂ ಇಪ್ಪತ್ತೇ ದಿನ. ಕೌದಿಯಲ್ಲಿ ಒಂದೊಂದು ಬೆರಳಗಲಕ್ಕೆ ಒಂದೊಂದು ಹೊಲಿಗೆಯ ಸಾಲು; ಒಂದೊಂದು ಸಾಲೂ ತಗಣಿಗೆ ಒಂದೊಂದು ಮನೆ.

ಬೆಳಕು ಹರಿದದ್ದೇ ಹೊರಟಳು. ಜನ ಏನೆನ್ನುತ್ತಾರೆಂಬುದು ಅವಳಿಗೆ ಗೊತ್ತಿತ್ತು. ಶೆಟ್ಟೆವ್ವನ ಮನೆಯಲ್ಲಿ ತಗಣಿ ಎಂದು ಅಷ್ಟಕ್ಕೇ ಬಿಡುವವರಲ್ಲ, ಅವರ ಕೇರಿಯೇ ಹಾಗೆ ಎಂದು ಮೂಗು ಮುರಿಯುತ್ತಾರೆ. ಆಮೇಲೆ ಹಳೇ ಸೀರೆಯ ಗಂಟು ಯಾರು ಕೊಡುತ್ತಾರೆ? ಯಾರ ಮುಂದೂ ಹೇಳಬ್ಯಾಡ್ರಿ ಎಂಬ ಒಂದೇ ಮಾತನ್ನು ಬಾಯೊಳಗೇ ಹತ್ತು ಸಲ ಹೊರಳಿಸಿದಳು.

ಶಿವಾನಿ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಬಾಗಿಲಲ್ಲೇ ಕುಳಿತಿದ್ದಳು. ಕೂಸಿನ ಕೆನ್ನೆಯ ಮೇಲೆ ಕೆಂಪಗೆ ಮೂರು ದದ್ದು, ಸಾಲಾಗಿ. ಎರಡು ದಿನದಿಂದ ಬೆಳಗಿನ ಜಾವಕ್ಕೇ ಎದ್ದು ಅಳುತ್ತದೆ, ಸೊಳ್ಳೆಪರದೆ ಕಟ್ಟಿದರೂ ಬಿಡವಲ್ಲವು ಎಂದಳು. ಪರದೆಯೊಳಗೇ ಇರುವುದನ್ನು ಪರದೆ ಏನು ತಡೆದೀತು? ಶೆಟ್ಟೆವ್ವನಿಗೆ ಅಳು ಬಂದಂತಾಯಿತು. ಆದರೆ ಬಾಯಿಗೆ ಬಂದದ್ದು ಬೇರೆಯೇ. ಕೌದಿಯ ಒಂದು ಮೂಲೆಗೆ ಹೊಲಿಗೆ ಬಿಟ್ಟಿದೆ, ಸಂಜೆಗೆ ತಂದುಕೊಡುತ್ತೇನೆ ಎಂದಳು. ನಾಗರತ್ನಾ ಒಳಗಿನಿಂದ ಕೌದಿ ತಂದು ಅವಳ ಕೈಗಿಟ್ಟಳು.

ಅಷ್ಟೇ. ಕೆಲಸ ಮುಗಿದಿತ್ತು, ಹೆಸರು ಉಳಿದಿತ್ತು. ಗೇಟಿನ ತನಕ ನಡೆದಳು. ಅಲ್ಲಿ ಕಾಲು ನಿಂತವು. ಕೌದಿ ಬಂತು, ಸರಿ. ಅದರಿಂದಿಳಿದು ಮಂಚ ಸೇರಿಕೊಂಡ ತಗಣಿ? ಉಪವಾಸ ಬಿದ್ದರೂ ತಿಂಗಳುಗಟ್ಟಲೆ ಸಾಯದ ಜಾತಿ ಅದು. ನಾಳೆ ಜಾವಕ್ಕೆ ಮತ್ತೆ ಆ ಕೆನ್ನೆಯನ್ನೇ ಹುಡುಕಿಕೊಂಡು ಬರುತ್ತದೆ. ಅವಳು ಹಿಂದಿರುಗಿದಳು.

“ಅಕ್ಕಾರ, ಹೊಲಿಗಿ ಬಿಟ್ಟೈತಿ ಅಂದದ್ದು ಸುಳ್ಳರಿ. ನಮ್ಮನ್ಯಾಗ ತಗಣಿ ಆಗ್ಯಾವು. ಇದರಾಗ ಕುಂತು ನಿಮ್ಮನಿಗೆ ಬಂದಾವು. ಕೂಸಿಗೆ ಕಡದದ್ದು ಸೊಳ್ಳಿ ಅಲ್ಲರಿ.”

ಬೈಗುಳಕ್ಕಾಗಿ ತಲೆ ತಗ್ಗಿಸಿ ನಿಂತಳು. ನಾಗರತ್ನಾ ಬೈಯಲಿಲ್ಲ. ಮಗಳನ್ನು ಕೂಸಿನ ಸಮೇತ ಹಿತ್ತಿಲಿಗೆ ಕಳಿಸಿ, ಕಟ್ಟೆಯ ಮೇಲೆ ಕುಳಿತಳು.

“ಸೀರಿ ಗಂಟು ಕೊಡೂಮುಂದ ಕುದಿಯೂ ನೀರಾಗ ಹಾಕಿ ತಗಿ ಅಂದಿದ್ನೆಲ್ಲ, ಶೆಟ್ಟೆವ್ವ?”

ಅಂದಿದ್ದಳು. ಆ ಸೀರೆಗಳು ನಾಗರತ್ನಾಳ ಅತ್ತೆ ರಾಚವ್ವನವು. ಮುದುಕಿ ವರ್ಷವಿಡೀ ಹಾಸಿಗೆ ಹಿಡಿದು, ಮುತ್ತೈದೆಯಾಗಿಯೇ ತೀರಿಹೋಗಿದ್ದಳು. ಕುದಿಯುವ ನೀರು ಎಂದಾಗ ಸತ್ತವರ ಬಟ್ಟೆಯ ಮೈಲಿಗೆಗೆ ಹೇಳುತ್ತಿದ್ದಾರೆಂದೇ ಶೆಟ್ಟೆವ್ವ ತಿಳಿದಿದ್ದಳು. ಲಿಂಗವಂತರ ಮನೆಗೆ ಸೂತಕ ಎಲ್ಲಿಯದು ಎಂದು ಸಿಟ್ಟೂ ಬಂದಿತ್ತು. ಈ ಓಣಿಯಲ್ಲಿ ತನ್ನನ್ನು ಒಳಗೆ ಕರೆದು ಮಗ್ಗುಲಿಗೆ ಕೂರಿಸಿಕೊಂಡವಳು ರಾಚವ್ವ ಒಬ್ಬಳೇ. ಅವಳ ಸೀರೆಯನ್ನು ಕುದಿಸುವುದೇ? ಝಾಡಿಸಿ, ಬಿಸಿಲು ತೋರಿಸಿ, ಮಡಿಚಿ ತನ್ನ ಮಂಚದ ಕೆಳಗೆ ಇಟ್ಟಿದ್ದಳು.

“ಅತ್ತಿ ಮಂಚದಾಗ ಭಾಳ ಆಗಿದ್ದುವು,” ಎಂದಳು ನಾಗರತ್ನಾ, ದನಿ ತಗ್ಗಿಸಿ. “ಮಂಚ ಸುಟ್ಟಿವಿ. ಸೀರಿ ಸುಡಾಕ ಮನಸ್ಸಾಗಲಿಲ್ಲ. ತಗಣಿ ಅಂತ ಬಿಡಿಸಿ ಹೇಳಾಕ ನಾಚಿಕಿ ಆತು.” ಬೀದಿಯತ್ತ ಒಮ್ಮೆ ನೋಡಿದಳು. “ಯಾರ ಮುಂದೂ ಹೇಳಬ್ಯಾಡ.”

ಶೆಟ್ಟೆವ್ವನ ಮೈಯೆಲ್ಲ ಉರಿಯಿತು. ತಾನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದ ಮಾತು ಅದು. ಅನ್ನಬೇಕಾದ್ದು ಬೇಕಾದಷ್ಟಿತ್ತು. ಹಿತ್ತಿಲಲ್ಲಿ ಕೂಸು ಅಳಲು ಶುರುಮಾಡಿತು.

ಅವಳು ಕೌದಿಯನ್ನು ಬಿಸಿಲಿಗೆ ಎಸೆದು, ಸೆರಗು ಸಿಕ್ಕಿಸಿಕೊಂಡು, ಯಾರೂ ಕರೆಯದಿದ್ದರೂ ಹೊಸ್ತಿಲು ದಾಟಿ ಸೀದಾ ಮಲಗುವ ಕೋಣೆಗೆ ಹೋದಳು.

“ನೀರು ಕಾಯಾಕ ಇಟ್ಟು ಬರ್ರಿ, ಅಕ್ಕಾರ. ಬಂದು ಮಂಚದ ಆ ಕಡಿ ಹಿಡೀರಿ.”

ನಾಗರತ್ನಾ ಬಂದು ಹಿಡಿದಳು.